ಛಾವಣಿ ಬಿಟ್ಟು ಜಂತಿ ಹಿಡಿದ ಕೆಂಜೊ ಟಾಂಗೆ

ಆಧುನಿಕ ಜಪಾನಿನ ವಾಸ್ತುಶಿಲ್ಪದಲ್ಲಿ ಪರಂಪರೆಯ ಜಗಳ ಬಹುಪಾಲು ಛಾವಣಿಯ ಜಗಳ. 1931ರಲ್ಲಿ ಟೋಕಿಯೊದ ಸಾಮ್ರಾಟರ ವಸ್ತುಸಂಗ್ರಹಾಲಯಕ್ಕೆ ನಡೆದ ಸ್ಪರ್ಧೆಯಲ್ಲಿ ವಿನ್ಯಾಸ ಜಪಾನಿ ಅಭಿರುಚಿಯದಾಗಿರಬೇಕು ಎಂಬ ಷರತ್ತಿತ್ತು. ಗೆದ್ದ ಜಿನ್ ವಾತಾನಾಬೆ ಕಾಂಕ್ರೀಟ್ ಕಟ್ಟಡದ ನೆತ್ತಿಗೆ ಹೆಂಚಿನ ಇಳಿಜಾರು ಛಾವಣಿ ಹೊದಿಸಿದ್ದರು. ಷರತ್ತನ್ನು ಬೇಕೆಂದೇ ಮುರಿದು ಸಪಾಟು ಛಾವಣಿಯ ನಕ್ಷೆ ಕಳಿಸಿದ ಕುನಿಯೊ ಮಾಎಕಾವಾ ಸೋತರು. ವಾಸ್ತುಶಿಲ್ಪಿ ಕೆಂಜೊ ಟಾಂಗೆ (1913–2005) ಓದು ಮುಗಿಸಿ 1938ರಲ್ಲಿ ಕೆಲಸಕ್ಕೆ ಸೇರಿದ್ದು ಇದೇ ಮಾಎಕಾವಾ ಕಚೇರಿಗೆ.

ಆದರೂ 1942ರಲ್ಲಿ, ಯುದ್ಧದ ನಡುವೆ, ಫ್ಯೂಜಿ ಪರ್ವತದ ತಪ್ಪಲಿಗೆಂದು ಟಾಂಗೆ ಬರೆದ ಸ್ಮಾರಕದ ನಕ್ಷೆಯಲ್ಲಿ ಪ್ರಾಚೀನ ಶಿಂಟೊ ದೇಗುಲವಾದ ಇಸೆ ಮಂದಿರವನ್ನು ನೆನಪಿಸುವ ಭಾರೀ ಛಾವಣಿಯಿತ್ತು. ಅದಕ್ಕೆ ಮೊದಲ ಬಹುಮಾನವೂ ಬಂತು. ಸ್ಮಾರಕ ಏಳಲಿಲ್ಲ. ಯುದ್ಧ ಮುಗಿದ ಮೇಲೆ ‘ಪರಂಪರೆ’ ಎಂದರೆ ಸಾಮ್ರಾಜ್ಯಶಾಹಿಯ ವಾಸನೆ ಎನ್ನುವಂತಾಯಿತು. ಟಾಂಗೆಯ ಮುಂದಿನ ವಿಚಾರಗಳನ್ನು ಈ ಹಿನ್ನೆಲೆ ಬಿಟ್ಟು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ.

1955ರ ಹೊತ್ತಿಗೆ ‘ಶಿಂಕೆಂಚಿಕು’ ಎಂಬ ವಾಸ್ತುಶಿಲ್ಪ ಪತ್ರಿಕೆಯ ಸಂಪಾದಕ ನೊಬೊರು ಕಾವಾಜೊಎ ಪರಂಪರೆಯ ಚರ್ಚೆಗೆ ಕಿಡಿ ಹಚ್ಚಿದರು. ಟಾಂಗೆಯ ನಿಲುವು: ಪರಂಪರೆ ರಾಸಾಯನಿಕ ಕ್ರಿಯೆಯ ವೇಗವರ್ಧಕದಂತೆ, ಕ್ರಿಯೆ ಎಬ್ಬಿಸಬೇಕು, ಕೊನೆಯಲ್ಲಿ ಉಳಿದ ವಸ್ತುವಿನಲ್ಲಿ ಅದರ ಕುರುಹು ಇರಬಾರದು. ಹಗುರ, ಸಪೂರ ಗೆರೆಗಳ ಯಾಯೊಯಿ ಗುಣಕ್ಕೆ ಎದುರಾಗಿ ಜೊಮೊನ್ ಮಡಕೆಗಳ ಒರಟು ಕಸುವನ್ನು (ಎರಡೂ ಜಪಾನಿನ ಪ್ರಾಚೀನ ಕಾಲಘಟ್ಟಗಳು) ಎತ್ತಿಹಿಡಿದ ವಾಸ್ತುಶಿಲ್ಪಿ ಸೆಯಿಚಿ ಶಿರಾಯಿ 1956ರಲ್ಲಿ ವಾದಕ್ಕೆ ಬಿಸಿಯೇರಿಸಿದರು.

ಇಸೆ ಮಂದಿರವೇ ಟಾಂಗೆಯ ವಾದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಕಂಬಗಳನ್ನು ಕಲ್ಲಿನ ಪೀಠವಿಲ್ಲದೆ ನೇರ ಮಣ್ಣಿನಲ್ಲಿ ಹೂಳುತ್ತಾರೆ. ತೇವ ಹಿಡಿದು ಬುಡ ಕೊಳೆಯುತ್ತದೆ, ಮೇಲಿನ ಹುಲ್ಲಿನ ಹೊದಿಕೆಯೂ ಬಾಳುವುದಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ, ಹಿಂದಿನದು 2013ರಲ್ಲಿ. ದಾಟಿ ಬರುವುದು ಮರವಲ್ಲ, ಅಳತೆ ಮತ್ತು ಕೈಕಸುಬು.

ಟಾಂಗೆ ಪರಂಪರೆಯನ್ನು ಆರಿಸಿಕೊಂಡ ಬಗೆ ಕ್ಯೋಟೊದ ಕಾತ್ಸುರಾ ಅರಮನೆ ಕುರಿತ ಅವರ 1960ರ ಪುಸ್ತಕದಲ್ಲಿ ಸ್ಪಷ್ಟ. ಯಾಸುಹಿರೊ ಇಶಿಮೊಟೊ ತೆಗೆದ ಚಿತ್ರಗಳನ್ನು ಅಂಚು ಕತ್ತರಿಸಿ ಹಾಕಿದ್ದರಿಂದ ಎಷ್ಟೋ ಕಡೆ ಛಾವಣಿಯೇ ಕಾಣದು. ಉಳಿದದ್ದು ಕಂಬ, ತೊಲೆ, ಚೌಕಗಳ ಜಾಲ. ಇದನ್ನು ಜಾಣತನ ಎನ್ನಬಹುದು, ಕೈಚಳಕ ಎಂದರೂ ತಪ್ಪಲ್ಲ.

ಅದೇ ಜಾಲ ಕಾಂಕ್ರೀಟಿನಲ್ಲಿ ಮೈತಳೆದದ್ದು ತಾಕಾಮಾತ್ಸುವಿನ ಕಾಗಾವಾ ಪ್ರಾಂತೀಯ ಸರ್ಕಾರಿ ಕಚೇರಿಯಲ್ಲಿ (1958). ಎಂಟು ಅಂತಸ್ತಿನ ಈ ಕಟ್ಟಡದ ಪ್ರತಿ ಮಹಡಿಯ ಬಾಲ್ಕನಿಯಡಿ ಜಂತಿಗಳ ತುದಿ ಸಾಲಾಗಿ ಹೊರಚಾಚಿವೆ. ಕುರುಹು ಉಳಿಯಬಾರದು ಎಂದವರ ಕಟ್ಟಡದಲ್ಲೇ ಮರಗೆಲಸದ ಕುರುಹು ಇಷ್ಟು ಎದ್ದು ಕಾಣುವುದು ವಿಚಿತ್ರ.

ಇದು ಸುಲಭದ ಕೆಲಸವೂ ಅಲ್ಲ. ಮರದ ಜಂತಿ ಎಳೆತವನ್ನು ತಾನೇ ತಡೆಯುತ್ತದೆ. ಕಾಂಕ್ರೀಟಿಗೆ ಒಳಗೆ ಕಬ್ಬಿಣದ ಸರಳು ಬೇಕು. ಜಂತಿ 12 ಸೆಂ.ಮೀ. ಅಗಲವೆಂದುಕೊಳ್ಳಿ: ಎರಡೂ ಬದಿ 3 ಸೆಂ.ಮೀ. ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ಪದರ) ಬಿಟ್ಟರೆ ಸರಳಿಗೂ ಜಲ್ಲಿಗೂ ಸೇರಿ ಸಿಗುವುದು 6 ಸೆಂ.ಮೀ. ಜಲ್ಲಿ ದಪ್ಪವಾದರೆ ಸರಳಿನ ನಡುವೆ ಸಿಕ್ಕಿಕೊಳ್ಳುತ್ತದೆ. ಸೆಂಟ್ರಿಂಗ್ ಹಲಗೆಗಳ ಸಂದು ಬಿಗಿಯಿಲ್ಲದಿದ್ದರೆ ಸಿಮೆಂಟಿನ ಹಾಲು ಸೋರಿ ಮೈ ಪೊಳ್ಳಾಗುತ್ತದೆ. ಗಿಲಾವು ಇಲ್ಲದ ಕಟ್ಟಡದಲ್ಲಿ ಅದನ್ನು ಮುಚ್ಚಿಡುವ ದಾರಿಯಿಲ್ಲ. ಕವರ್ ಕಡಿಮೆಯಾದ ಕಡೆ ಮಳೆನೀರು ಸರಳಿಗೆ ತಲುಪಿ, ತುಕ್ಕು ಉಬ್ಬಿ, ಅಂಚು ಚೂರಾಗಿ ಉದುರುತ್ತದೆ. ಹಲಗೆಯನ್ನು ಒಪ್ಪವಾಗಿ ಕೂಡಿಸಬಲ್ಲ ಬಡಗಿಗಳ ಕೈ ಇಲ್ಲದೆ ಇಂಥ ಕಾಂಕ್ರೀಟ್ ಬರದು. ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಪರಂಪರೆ ಜಂತಿಯ ಆಕಾರಕ್ಕಿಂತ ಆ ಕೈಯಲ್ಲೇ ಹೆಚ್ಚು.

1964ರ ಒಲಿಂಪಿಕ್ಸ್‌ಗೆ ಕಟ್ಟಿದ ಯೊಯೊಗಿ ಕ್ರೀಡಾಂಗಣದಲ್ಲಿ ಟಾಂಗೆ ಮತ್ತೆ ಛಾವಣಿಗೆ ಮರಳಿದರು. ಈ ಸಲ ಅದು ಮೇಲೆ ಹೊದಿಸಿದ ಟೋಪಿಯಲ್ಲ, ಕಟ್ಟಡದ ರಚನೆಯೇ. 126 ಮೀಟರ್ ಅಂತರದ ಎರಡು ಕಂಬಗಳಿಂದ ಉಕ್ಕಿನ ಹಗ್ಗಗಳು ತೂಗುತ್ತವೆ. ಬಯಸಿದ ಬಾಗು ಬರಿಯ ಹಗ್ಗದಿಂದ ಬಾರದ್ದರಿಂದ, ಎಂಜಿನಿಯರ್ ಯೊಶಿಕಾತ್ಸು ತ್ಸುಬೊಯಿ ಅವರ ತಂಡ ಅಡ್ಡಲಾಗಿ ತೂಗಲು ಬಿಗಿಯಾದ ಉಕ್ಕಿನ ತೊಲೆಗಳನ್ನು ಬಳಸಿತು. ಗಾಳಿಗೆ ಓಲಾಡದಂತೆ ಎಣ್ಣೆಯ ಡ್ಯಾಂಪರ್ ಕೂಡಿಸಿತು.

ದಶಕಗಳ ಬಳಿಕ ಕಾಗಾವಾ ಕಚೇರಿಗೆ ಬೇಕಾದದ್ದು ಭೂಕಂಪದಿಂದ ರಕ್ಷಣೆ. ಮಹಡಿಗಳಲ್ಲಿ ಹೊಸ ಗೋಡೆ ಅಥವಾ ಉಕ್ಕಿನ ಓರೆಪಟ್ಟಿ ಹಾಕಿದರೆ ಜಂತಿಗಳ ಸಾಲು ಕೆಡುತ್ತಿತ್ತು. ಹಾಗಾಗಿ ನೆಲ ಅಲುಗಿದರೂ ಮೇಲಿನ ಕಟ್ಟಡ ನಿಧಾನವಾಗಿ ಸರಿಯುವಂತೆ ಬುಡದಲ್ಲಿ ಕಟ್ಟಡವನ್ನು ನೆಲದ ಅಲುಗಾಟದಿಂದ ಬೇರ್ಪಡಿಸುವ ಐಸೊಲೇಟರ್‌ಗಳನ್ನು ಅಳವಡಿಸಿದರು. ಆ ಕೆಲಸ 2019ರಲ್ಲಿ ಮುಗಿಯಿತು, 2022ರಲ್ಲಿ ಕಟ್ಟಡಕ್ಕೆ ಪ್ರಮುಖ ಸಾಂಸ್ಕೃತಿಕ ಆಸ್ತಿಯ ಮಾನ್ಯತೆ ಸಿಕ್ಕಿತು.