ಹೊಸ ಸಾಲ ಕೊಟ್ಟವರಿಗೆ ಮೊದಲು, ಹಳೆ ಬ್ಯಾಂಕಿಗೆ ಆಮೇಲೆ: ಇದು ಹೇಗೆ?

ಪ್ರಶ್ನೆ: ಚಳ್ಳಕೆರೆಯ ಒಂದು ಎಣ್ಣೆ ಮಿಲ್‌ಗೆ ಶೇಂಗಾ ಕೊಡುತ್ತಿದ್ದೆ. ಬಾಕಿ ಬರಬೇಕಾದ್ದು ಇದೆ, ಅಷ್ಟರಲ್ಲಿ ಕಂಪನಿ ದಿವಾಳಿ ಕೇಸಿಗೆ ಹೋಯಿತು. ಈಗ ಮಿಲ್ ನಡೆಸೋಕೆ ಅಂತ ಒಂದು ಫೈನಾನ್ಸ್ ಕಂಪನಿಯಿಂದ ಹೊಸ ಸಾಲ ತರುತ್ತಿದ್ದಾರಂತೆ. ಅಡಮಾನ ಇಟ್ಟುಕೊಂಡ ಬ್ಯಾಂಕ್ ಇದೆ, ನಮ್ಮಂಥವರಿದ್ದೇವೆ. ಮೊನ್ನೆ ಬಂದವರಿಗೆ ಮೊದಲು ದುಡ್ಡು ಹೋಗುತ್ತಾ ಸಾರ್?

ಉತ್ತರ: ಹೌದು, ಹೋಗುತ್ತದೆ. ಆದರೆ ಎಲ್ಲ ಸಂದರ್ಭದಲ್ಲೂ ಅಲ್ಲ. ಜಗಳ ಹುಟ್ಟೋದು ಅಲ್ಲೇ.

ಎನ್‌ಸಿಎಲ್‌ಟಿ (ಕಂಪನಿ ಕೇಸು ನೋಡುವ ನ್ಯಾಯಮಂಡಳಿ) ಅರ್ಜಿ ಒಪ್ಪಿಕೊಂಡ ಮೇಲೆ ಕಂಪನಿಯ ಚುಕ್ಕಾಣಿ ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ವೃತ್ತಿಪರರ ಕೈಗೆ ಬರುತ್ತದೆ. ಕರೆಂಟ್ ಬಿಲ್, ಸಂಬಳ, ಕಾಯಿ ಖರೀದಿ ಯಾವುದೂ ನಿಲ್ಲೋದಿಲ್ಲ. ಬಾಗಿಲು ಹಾಕಿದ ಮಿಲ್ ಬಿಕರಿಯಾದರೆ ತುಕ್ಕು ಹಿಡಿದ ಯಂತ್ರದ ಬೆಲೆ ಅಷ್ಟೇ ಸಿಗೋದು. ಅದಕ್ಕೇ ನಡೆಸಲು ಸಾಲ ತರುತ್ತಾರೆ. ಮುಳುಗುತ್ತಿರುವ ಕಂಪನಿಗೆ ಸುಮ್ನೆ ಯಾರು ಸಾಲ ಕೊಡ್ತಾರೆ? ಹಾಗಾಗಿ 2016ರ ದಿವಾಳಿ ಸಂಹಿತೆ ಈ ಸಾಲವನ್ನು ಪ್ರಕ್ರಿಯೆಯ ಖರ್ಚು ಅಂತ ಲೆಕ್ಕ ಹಾಕಿದೆ. ಯಾರಾದರೂ ಮಿಲ್ ಕೊಂಡರೆ, ಅವರ ಯೋಜನೆಯಲ್ಲಿ ಈ ಖರ್ಚು ಮೊದಲು ತೀರಬೇಕು (ಸೆಕ್ಷನ್ 30). ಕೊಳ್ಳುವವರೇ ಬರದೆ ಕಂಪನಿ ಮುಚ್ಚಿದರೂ ಮೊದಲ ಸಾಲಿನಲ್ಲಿ ಇದೇ (ಸೆಕ್ಷನ್ 53). ಅದರ ನಂತರ ಕಾರ್ಮಿಕರ 24 ತಿಂಗಳ ಬಾಕಿ, ಅದರ ಜೊತೆ ಸಮನಾಗಿ, ಅಡಮಾನದ ಆಸ್ತಿಯನ್ನು ಒಟ್ಟು ಹಂಚಿಕೆಗೆ ಬಿಟ್ಟುಕೊಟ್ಟ ಬ್ಯಾಂಕ್. ನಿಮ್ಮ ಹಳೆ ಶೇಂಗಾ ಬಿಲ್ ಇದಕ್ಕಿಂತ ತುಂಬಾ ಕೆಳಗೆ, ಸರ್ಕಾರದ ಎರಡು ವರ್ಷದ ಬಾಕಿಗಿಂತಲೂ ಕೆಳಗೆ.

ಹಾಗಾದರೆ ಬ್ಯಾಂಕ್ ಯಾಕೆ ತಕರಾರು ಮಾಡುತ್ತದೆ? ದುಡ್ಡು ಹಂಚುವಾಗ ಮೊದಲು ಸಿಗೋದು ಒಂದು, ಆಸ್ತಿ ಮೇಲೆ ಹಕ್ಕು ಸಿಗೋದು ಬೇರೆಯೇ. ಹೊಸ ಸಾಲಕ್ಕೆ ಸಾಲದಾತರ ಸಮಿತಿಯ (ಹಳೆ ಸಾಲ ಕೊಟ್ಟ ಬ್ಯಾಂಕ್ ಮುಂತಾದವರ ಕೂಟ) 66% ಮತ ಸಾಕು. ಆದರೆ ಬ್ಯಾಂಕಿಗೆ ಅಡವಿಟ್ಟ ಮಿಲ್ಲನ್ನೇ ಹೊಸಬರಿಗೂ ಅಡವಿಡಬೇಕಾದರೆ ಆ ಬ್ಯಾಂಕಿನ ಒಪ್ಪಿಗೆ ಬೇಕು. ಆಸ್ತಿಯ ಬೆಲೆ ಆ ಬ್ಯಾಂಕಿನ ಸಾಲದ ಎರಡು ಪಟ್ಟಾದರೂ ಇದ್ದರೆ ಮಾತ್ರ ಕೇಳಬೇಕಿಲ್ಲ. ಬ್ಯಾಂಕಿಗೆ 12 ಕೋಟಿ ಬರಬೇಕು ಅಂದುಕೊಳ್ಳಿ. ಮಿಲ್ 24 ಕೋಟಿ ಬಾಳಿದರೆ ಒಪ್ಪಿಗೆ ಬೇಡ, 18 ಕೋಟಿ ಆದರೆ ಬೇಕು. ಆಗ ಬೆಲೆ ಕಟ್ಟಿದ್ದು ಸರೀನಾ ಅಂತಲೇ ಜಗಳ ಶುರು.

ನನ್ನ ಪ್ರಕಾರ ಹೊಸ ಸಾಲ ಕೊಡುವವರು ನಿಜಕ್ಕೂ ಹೆದರಬೇಕಾದ್ದು ಬೇರೆ ಕಡೆ. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ಬ್ಯಾಂಕ್ ಒಟ್ಟು ಹಂಚಿಕೆಗೆ ಬರದೆ, ತನ್ನ ಅಡಮಾನದ ಆಸ್ತಿಯನ್ನು ತಾನೇ ಮಾರಿಕೊಳ್ಳಬಹುದು. ಹಾಗೆ ಮಾರಿದ ದುಡ್ಡಿನಿಂದ ಪ್ರಕ್ರಿಯೆಯ ಖರ್ಚಿನಲ್ಲಿ ಬ್ಯಾಂಕಿನ ಪಾಲು ಎಷ್ಟೋ ಅಷ್ಟು ಮಾತ್ರ ಮುರಿದುಕೊಳ್ಳುತ್ತಾರೆ (ಸೆಕ್ಷನ್ 52). ಹೊಸ ಸಾಲದಲ್ಲಿ ಉಳಿದದ್ದನ್ನು ತೀರಿಸಲು ಬೇರೆ ಆಸ್ತಿಯೇ ಇಲ್ಲದಿದ್ದರೆ ಮೊದಲ ಸ್ಥಾನ ಕಾಗದದ ಮೇಲೆ ಉಳಿಯುತ್ತದೆ ಅಷ್ಟೆ. ಇನ್ನೊಂದು ತಕರಾರು ತಾರೀಖಿನದು. ಕೇಸ್ ದಾಖಲಾಗುವ ಮೊದಲು 'ಮಿಲ್ ಉಳಿಸೋಣ' ಅಂತ ಪ್ರವರ್ತಕರಿಗೆ (ಕಂಪನಿ ಕಟ್ಟಿ ನಡೆಸುತ್ತಿದ್ದವರಿಗೆ) ಕೊಟ್ಟ ಸಾಲಕ್ಕೆ ಈ ಆದ್ಯತೆ ಇಲ್ಲ. ಪ್ರಕ್ರಿಯೆ ನಡೆಯುವಾಗ ರೆಸಲ್ಯೂಷನ್ ಪ್ರೊಫೆಷನಲ್ ಎತ್ತಿದ ಸಾಲಕ್ಕೆ ಮಾತ್ರ ಇದು ಅನ್ವಯ. 2025ರಿಂದ ಇಂಥ ಸಾಲ ಕೊಟ್ಟವರನ್ನೂ ಸಮಿತಿಯ ಸಭೆಗೆ ಕರೆಯಬಹುದು. ಕೂತು ನೋಡಬಹುದು, ಮತ ಹಾಕುವಂತಿಲ್ಲ.

ಇನ್ನು ನಿಮ್ಮ ವಿಷಯ. ಹೊಸ ಸಾಲ ನಿಮ್ಮ ಹಳೆ ಬಾಕಿಯನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ, ನಿಜ. ಆದರೆ ಆ ಬಾಕಿಗೆ ದುಡ್ಡು ಬರುವ ಸಾಧ್ಯತೆ ಮೊದಲೇ ಕಡಿಮೆ ಇತ್ತು. ಮಿಲ್ ಓಡುತ್ತಿದ್ದರೆ ಚೂರಾದರೂ ಹೆಚ್ಚು ಸಿಗಬಹುದು. ಹಳೆ ಬಿಲ್‌ಗಳನ್ನು ದಾಖಲೆ ಸಮೇತ ಫಾರ್ಮ್ ಬಿಯಲ್ಲಿ (ಬಾಕಿ ಕೇಳುವ ನಮೂನೆ) ರೆಸಲ್ಯೂಷನ್ ಪ್ರೊಫೆಷನಲ್‌ಗೆ ಕೊಡಿ, ತಡ ಮಾಡಬೇಡಿ. ಕೇಸ್ ಒಪ್ಪಿದ ಮೇಲೆ ಅವರು ಕೇಳಿದ್ದಕ್ಕೆ ನೀವು ಕಾಯಿ ಕೊಟ್ಟಿದ್ದರೆ ಆ ಬಿಲ್‌ಗಳನ್ನು ಇದರಲ್ಲಿ ಸೇರಿಸಬೇಡಿ. ಅದೂ ಪ್ರಕ್ರಿಯೆಯ ಖರ್ಚೇ, ಹೊಸ ಸಾಲದ ಸಾಲಿನಲ್ಲೇ ನಿಲ್ಲುತ್ತದೆ. ಪ್ರತಿ ಲೋಡ್‌ಗೂ ತೂಕದ ಚೀಟಿ ಮತ್ತು ಅವರ ಸಹಿ ಇರುವ ಖರೀದಿ ಆರ್ಡರ್ ಇಟ್ಟುಕೊಳ್ಳಿ, ಬೇರೆ ಫೈಲಿನಲ್ಲಿ.