ಪೇಷಂಟ್ ಕಡೆಯವರು ಯಾರು? ಸ್ವೀಡನ್ನಿನ ಎರಡು ಪದಗಳ ಹಿನ್ನೆಲೆ

ಸ್ವೀಡನ್ನಿನ ಆಸ್ಪತ್ರೆ ಕಾಗದಗಳಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ. ಒಂದು ‘ಅನ್‌ಹೋರಿಗ್’, ಇನ್ನೊಂದು ‘ನೇರ್‌ಸ್ಟೋಎಂಡೆ’. ಮೊದಲನೆಯದು ಹೆಚ್ಚುಕಡಿಮೆ ‘ಸೇರಿದವರು’ ಅಂತ, ಎರಡನೆಯದು ‘ಹತ್ತಿರ ನಿಂತವರು’ ಅಂತ. ಇಂಗ್ಲಿಷ್‌ಗೆ ತರುವಾಗ ಎರಡನ್ನೂ ‘ರಿಲೇಟಿವ್’ ಅಥವಾ ‘ನೆಕ್ಸ್ಟ್ ಆಫ್ ಕಿನ್’ ಮಾಡಿ ಕೈತೊಳೆದುಕೊಳ್ಳುವುದು ಸಾಮಾನ್ಯ. ಆಮೇಲೆ ಶುರುವಾಗುತ್ತದೆ ಗೋಜಲು.

ಆರೋಗ್ಯ ಮತ್ತು ಸಮಾಜ ಸೇವೆಯನ್ನು ನೋಡಿಕೊಳ್ಳುವ ಅಲ್ಲಿನ ರಾಷ್ಟ್ರೀಯ ಮಂಡಳಿ ‘ಸೋಶಾಲ್‌ಸ್ಟೀರೆಲ್ಸೆನ್’ ತನ್ನದೇ ಪದಕೋಶ ಇಟ್ಟುಕೊಂಡಿದೆ. ಅದರ ಪ್ರಕಾರ ಅನ್‌ಹೋರಿಗ್ ಎಂದರೆ ಕುಟುಂಬದವರು ಅಥವಾ ತೀರಾ ಹತ್ತಿರದ ನೆಂಟರು. ನೇರ್‌ಸ್ಟೋಎಂಡೆ ಎಂದರೆ, ತನಗೆ ಹತ್ತಿರದವರು ಎಂದು ಆ ವ್ಯಕ್ತಿಯೇ ಭಾವಿಸುವವರು. ಅಂದರೆ ಮೊದಲನೆಯದನ್ನು ಹುಟ್ಟು, ಮದುವೆ ತೀರ್ಮಾನಿಸುತ್ತವೆ. ಎರಡನೆಯದನ್ನು ರೋಗಿ ತೀರ್ಮಾನಿಸುತ್ತಾರೆ. ಪಕ್ಕದ ಮನೆಯವರಾಗಬಹುದು, ನಲವತ್ತು ವರ್ಷದ ಗೆಳತಿಯಾಗಬಹುದು. ಅಣ್ಣ ಇದ್ದೂ ಪಟ್ಟಿಯಲ್ಲಿ ಇಲ್ಲದಿರಬಹುದು.

ಈ ವ್ಯತ್ಯಾಸ ಸುಮ್ನೆ ಹುಟ್ಟಿದ್ದಲ್ಲ. ವಯಸ್ಸಾದ ಅಪ್ಪ ಅಮ್ಮನ ಹೊಣೆ ಸ್ವೀಡನ್ನಿನಲ್ಲೂ ಒಂದು ಕಾಲದಲ್ಲಿ ಕಾನೂನಿನ ಪ್ರಕಾರ ಮಕ್ಕಳ ಮೇಲಿತ್ತು. 1956ರಲ್ಲಿ ಸಾಮಾಜಿಕ ನೆರವಿನ ಕಾಯ್ದೆಯಿಂದ ಅದು ಹೋಯಿತು. 1979ರಲ್ಲಿ ಕುಟುಂಬ ಕಾನೂನಿನಿಂದಲೂ ಹೋಯಿತು. ಮುದುಕರನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ, ಮಕ್ಕಳದ್ದು ಪ್ರೀತಿಯಿದ್ದರೆ ಮಾಡುವ ಕೆಲಸ ಎಂಬ ನಿಲುವು ಅದು. ಭಾರತ ನಡೆದದ್ದು ಪೂರ್ತಿ ಉಲ್ಟಾ ದಾರಿಯಲ್ಲಿ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಗೆ ಪೋಷಣೆಯ ಹೊಣೆಯನ್ನು ಬರವಣಿಗೆಯಲ್ಲೇ ಹೊರಿಸಿತು.

ಅದೇ ಹೊತ್ತಿಗೆ ಮನೆಯೊಳಗೂ ಬದಲಾವಣೆ ಆಗುತ್ತಿತ್ತು. ಮದುವೆಯಾಗದೆ ಜೊತೆಗಿರುವುದು ಎಷ್ಟು ಸಾಮಾನ್ಯವಾಯಿತೆಂದರೆ, ಅಂಥ ಸಂಗಾತಿಗೆ ‘ಸಾಂಬೊ’ ಎಂಬ ಪದವೇ ಬಂತು. 1987ರಲ್ಲಿ ಅವರಿಗಾಗಿ ಕಾನೂನೂ ಆಯಿತು. ಬೇರೆ ಬೇರೆ ಮನೆಯಲ್ಲಿದ್ದೂ ಜೋಡಿಯಾಗಿರುವವರು ‘ಸ್ಯಾರ್‌ಬೊ’. ಸಲಿಂಗಿ ಜೋಡಿಗಳ ನೋಂದಣಿ 1995ರಿಂದ, ಮದುವೆ 2009ರ ಮೇ ತಿಂಗಳಿಂದ. ಮಲತಂದೆಯನ್ನು ‘ಬೋನಸ್ ಅಪ್ಪ’ ಅಂತಲೂ ಕರೆಯುತ್ತಾರೆ. ನಮ್ಮ ಕಥೆಗಳಲ್ಲಿ ಮಲತಾಯಿಗೆ ಬಂದಿರುವ ಕೆಟ್ಟ ಹೆಸರು ನೋಡಿದರೆ, ಇದನ್ನು ನಾವೂ ಎರವಲು ಪಡೆಯಬಹುದು ಅನ್ನಿಸುತ್ತದೆ. ಇರಲಿ. ಇಷ್ಟೆಲ್ಲ ಬಗೆಯ ಸಂಬಂಧಗಳು ಬಂದ ಮೇಲೆ, ನೆಂಟಸ್ತಿಕೆಯ ಪಟ್ಟಿ ಹಿಡಿದು ಆಸ್ಪತ್ರೆ ನಡೆಸುವುದು ಕಷ್ಟವಾಯಿತು.

1989ರಲ್ಲಿ ಜಾರಿಗೆ ಬಂದ ಒಂದು ಭತ್ಯೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಜೀವಕ್ಕೆ ಅಪಾಯವಿರುವಷ್ಟು ಕಾಯಿಲೆ ಬಿದ್ದವರ ಜೊತೆಗಿರಲು ಕೆಲಸಕ್ಕೆ ರಜೆ ಹಾಕಿದವರಿಗೆ ಸರ್ಕಾರ ಹಣ ಕೊಡುತ್ತದೆ. ಹೆಸರು ‘ನೇರ್‌ಸ್ಟೋಎಂಡೆಪೆನಿಂಗ್’. ಈಗ ಗರಿಷ್ಠ 100 ದಿನ. ಆ 100 ದಿನ ಲೆಕ್ಕಕ್ಕೆ ಬರುವುದು ಕಾಯಿಲೆಯವರ ಹೆಸರಿನಲ್ಲಿ. ಮಗಳು 60 ದಿನ ತೆಗೆದುಕೊಂಡರೆ ಉಳಿದ 40 ದಿನ ಸ್ನೇಹಿತ ತೆಗೆದುಕೊಳ್ಳಬಹುದು. ರಕ್ತಸಂಬಂಧ ಬೇಕೆಂದೇನೂ ಇಲ್ಲ. ಇದನ್ನು ‘ಕುಟುಂಬ ಭತ್ಯೆ’ ಎಂದು ಕನ್ನಡ ಮಾಡಿದರೆ ಆ ಸ್ನೇಹಿತ ಅರ್ಜಿಯನ್ನೇ ಹಾಕುವುದಿಲ್ಲ, ಅಲ್ವಾ?

ಅಷ್ಟರಲ್ಲಿ ಇನ್ನೊಂದು ಕಡೆ ಚಕ್ರ ಹಿಂದಕ್ಕೂ ತಿರುಗಿತು. 1992ರ ಸುಧಾರಣೆಯಲ್ಲಿ ಹಿರಿಯರ ಆರೈಕೆ ಪಾಲಿಕೆಗಳ ಕೈಗೆ ಬಂತು. ಸರ್ಕಾರಿ ನೆರವು ಸಾಲದಾದಲ್ಲೆಲ್ಲ ಹೆಂಡತಿ, ಮಗಳು ಸೆರಗು ಬಿಗಿದು ನಿಂತರು. 1998ರಲ್ಲಿ ಕಾನೂನು ಹೇಳಿತು, ಮನೆಯಲ್ಲಿ ಆರೈಕೆ ಮಾಡುವವರಿಗೆ ಪಾಲಿಕೆ ಬೆಂಬಲ ಕೊಟ್ಟರೆ ಒಳ್ಳೆಯದು ಅಂತ. 2009ರ ಜುಲೈನಿಂದ ಅದು ಕೊಡಲೇಬೇಕು ಎಂದಾಯಿತು.

ಅನುವಾದಕರ ಕಾಲಿಗೆ ನಿಜವಾಗಿ ತೊಡರುವುದು ಇದೇ ಕಾನೂನು. ಇಲ್ಲಿ ನೇರ್‌ಸ್ಟೋಎಂಡೆ ಎಂದರೆ ಹಾಸಿಗೆಯಲ್ಲಿ ಮಲಗಿರುವವರು, ಆರೈಕೆ ಪಡೆಯುವವರು. ಅವರನ್ನು ನೋಡಿಕೊಳ್ಳುವವರು ಅನ್‌ಹೋರಿಗ್. ಆಸ್ಪತ್ರೆಯ ಭಾಷೆಯಲ್ಲಿ ಅದೇ ನೇರ್‌ಸ್ಟೋಎಂಡೆ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತವರು! ಗಂಡ ಆಸ್ಪತ್ರೆಯಲ್ಲಿದ್ದಾಗ ನೇರ್‌ಸ್ಟೋಎಂಡೆ ಆಗಿದ್ದ ಹೆಂಡತಿ, ಅವನನ್ನು ಮನೆಗೆ ಕರೆತಂದ ದಿನ ಪಾಲಿಕೆಯ ಕಡತದಲ್ಲಿ ಅನ್‌ಹೋರಿಗ್ ಆಗುತ್ತಾಳೆ. ಆ ಪದ ಗಂಡನಿಗೆ ಹೋಗುತ್ತದೆ. ಹಾಗಾಗಿ ಕಾಗದ ಯಾವ ಮೇಜಿನಿಂದ ಬಂತು ಎಂದು ಮೊದಲು ನೋಡಬೇಕು. ಡಿಕ್ಷನರಿ ಆಮೇಲೆ.

‘ನೆಕ್ಸ್ಟ್ ಆಫ್ ಕಿನ್’ ಎಂದು ಬರೆದಾಗ ಆಗುವ ಎಡವಟ್ಟು ಇನ್ನೂ ದೊಡ್ಡದು. ನಮ್ಮ ಕಡೆ ಆಪರೇಷನ್‌ಗೆ ಮುಂಚೆ ನರ್ಸ್ ಹೊರಗೆ ಬಂದು “ಪೇಷಂಟ್ ಕಡೆಯವರು ಯಾರ್ರೀ?” ಎಂದು ಕೂಗಿದರೆ, ಎದ್ದು ಹೋದವರು ಸಹಿ ಹಾಕುತ್ತಾರೆ. ಸ್ವೀಡನ್ನಿನಲ್ಲಿ ವಯಸ್ಕ ರೋಗಿಯ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಕಾನೂನಿನ ಅಧಿಕಾರ ಗಂಡ, ಹೆಂಡತಿ, ಮಕ್ಕಳಿಗೆ ಸುಮ್ಮನೆ ಸಂಬಂಧದಿಂದಲೇ ಬರುವುದಿಲ್ಲ. 2015ರಲ್ಲಿ ಜಾರಿಗೆ ಬಂದ ರೋಗಿಗಳ ಕಾಯ್ದೆ ನೇರ್‌ಸ್ಟೋಎಂಡೆಗೆ ಆರೈಕೆಯಲ್ಲಿ ಕೈಜೋಡಿಸಲು ಅವಕಾಶ ಕೊಡುತ್ತದೆ. ಅದೂ ಸೂಕ್ತವಾದರೆ, ಗೌಪ್ಯತೆಯ ನಿಯಮ ಅಡ್ಡ ಬರದಿದ್ದರೆ. ಮಾತು ಕೇಳುತ್ತಾರೆ, ತೀರ್ಮಾನ ಒಪ್ಪಿಸುವುದಿಲ್ಲ. ಬೆಂಗಳೂರಿನಿಂದ ಓಡಿ ಬಂದ ತಮ್ಮನಿಗೆ ಇದು ಅವಮಾನದಂತೆ ಕಂಡರೆ ತಪ್ಪು ಅವನದಲ್ಲ. ಕೈಗೆ ಕೊಟ್ಟ ಇಂಗ್ಲಿಷ್ ಹಾಳೆ ಅವನಿಗೆ ಇಲ್ಲದ ಹಕ್ಕನ್ನು ತೋರಿಸಿರುತ್ತದೆ.

ಅಂಗದಾನದಲ್ಲಿ ಮಾತ್ರ ಹತ್ತಿರದವರಿಗೆ ನಿಜವಾದ ಅಧಿಕಾರವಿತ್ತು. ಸತ್ತವರ ಇಷ್ಟ ಏನಿತ್ತೆಂದು ಗೊತ್ತಿಲ್ಲದಿದ್ದರೆ ಅವರು ಬೇಡ ಎನ್ನಬಹುದಿತ್ತು. 2022ರ ಜುಲೈನಲ್ಲಿ ಆ ವಿಟೋ ಕೂಡ ಹೋಯಿತು. ಭಾರತದ 1994ರ ಅಂಗಾಂಗ ಕಸಿ ಕಾಯ್ದೆ ‘ಹತ್ತಿರದ ಸಂಬಂಧಿ’ಗಳನ್ನು ಹೆಸರಿಸಿಯೇ ಎಣಿಸುತ್ತದೆ. ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು. ಅಜ್ಜ ಅಜ್ಜಿ, ಮೊಮ್ಮಕ್ಕಳು ಸೇರಿದ್ದು 2011ರ ತಿದ್ದುಪಡಿಯಲ್ಲಿ. ಆದರೆ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯೇ ತನ್ನ ಪ್ರತಿನಿಧಿಯನ್ನು ಆರಿಸಬಹುದು. ನೆಂಟನೇ ಆಗಬೇಕಿಲ್ಲ. ನೇರ್‌ಸ್ಟೋಎಂಡೆಗೆ ನಮ್ಮಲ್ಲಿ ತಕ್ಕಮಟ್ಟಿಗೆ ಹೊಂದುವುದು ಇದೊಂದೇ ಎಂದು ನನಗನ್ನಿಸುತ್ತದೆ. ಅಧಿಕಾರದಲ್ಲಿ ನಮ್ಮದೇ ಒಂದು ಕೈ ಮೇಲು.

ಹಾಗಾದರೆ ಕನ್ನಡದಲ್ಲಿ ಏನು ಬರೆಯೋಣ? ‘ಮನೆಯವರು’ ಎಂದರೆ ಅನೇಕ ಹೆಂಗಸರಿಗೆ ಗಂಡ ಎಂದೇ ಅರ್ಥ. ‘ಬಂಧುಗಳು’ ಎಂದರೆ ಗೆಳೆಯರು ಹೊರಗುಳಿಯುತ್ತಾರೆ. ಆಸ್ಪತ್ರೆಯ ಕಾಗದಕ್ಕೆ ‘ಹತ್ತಿರದವರು’ ಚೆನ್ನಾಗಿ ಒಗ್ಗುತ್ತದೆ. ಪಾಲಿಕೆಯ ಕಾಗದಕ್ಕೆ ‘ನೋಡಿಕೊಳ್ಳುವವರು’ ಮತ್ತು ‘ಅವರ ಆರೈಕೆಯಲ್ಲಿರುವವರು’ ಎಂದು ಬಿಡಿಸಿ ಬರೆಯುವುದೇ ವಾಸಿ.

ನೆಂಟಸ್ತಿಕೆಯ ಪದಗಳಲ್ಲಿ ಮಾತ್ರ ಕನ್ನಡಿಗರಿಗೆ ಕೆಲಸ ಸುಲಭ. ಸ್ತನ ಕ್ಯಾನ್ಸರ್ ಯಾರಿಗಿತ್ತು ಎಂದು ಕೇಳಿದರೆ, ಇಂಗ್ಲಿಷ್‌ನ ‘ಆಂಟಿ’ಯಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಸ್ವೀಡಿಷ್‌ನಲ್ಲಿ ಅಮ್ಮನ ಸೋದರಿ ‘ಮೂಸ್ಟರ್’, ಅಪ್ಪನ ಸೋದರಿ ‘ಫಾಸ್ಟರ್’. ನಮ್ಮಲ್ಲೂ ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ. ಆದರೆ ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮನೇ ಆದ್ದರಿಂದ, “ನಿಮ್ಮ ಅಮ್ಮನ ಸ್ವಂತ ತಂಗಿಯಾ?” ಎಂದು ಇನ್ನೊಂದು ಸಲ ಕೇಳಬೇಕು. ಅಜ್ಜಿಯ ವಿಷಯದಲ್ಲೂ ಅಷ್ಟೇ. ಅವರ ‘ಮೂರ್ಮೂರ್’, ‘ಫಾರ್ಮೂರ್’ ಎರಡೂ ನಮಗೆ ಬರೀ ಅಜ್ಜಿ. ಅಮ್ಮನ ಅಮ್ಮನೋ, ಅಪ್ಪನ ಅಮ್ಮನೋ ಎಂದು ಸೇರಿಸಿಯೇ ಬರೆಯಬೇಕು.