ಬಾಟಲಿಯ ಕುತ್ತಿಗೆ ನೋಡಿ ವೈನ್ ಕೊಳ್ಳಬಹುದೇ?

ಪ್ರಶ್ನೆ: ಸರ್, ಕೆಲಸದ ಮೇಲೆ ಜರ್ಮನಿಗೆ ಬಂದಿದ್ದೇನೆ. ಇಲ್ಲಿ ಆಲ್ಡಿ, ಲಿಡ್ಲ್ ಅಂಗಡಿಗಳಲ್ಲಿ ಇಟಲಿಯ ಕೆಂಪು ವೈನ್ ನಾಲ್ಕು ಯೂರೋಗೆ ಸಿಗುತ್ತದೆ. ಇಷ್ಟು ಅಗ್ಗದ ವೈನ್ ಕುಡಿಯಲು ಯೋಗ್ಯವೇ? ಕುತ್ತಿಗೆಗೆ ಡಿಒಸಿಜಿ (ಇಟಲಿಯ ವೈನ್ ಕಾನೂನಿನ ಅತ್ಯುನ್ನತ ದರ್ಜೆ) ಪಟ್ಟಿ ಅಂಟಿಸಿರುವ ಬಾಟಲಿ ಆರಿಸಿದರೆ ಮೋಸವಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?

ಉತ್ತರ: ಯೋಗ್ಯ. ಆದರೆ ನಿಮ್ಮ ಸ್ನೇಹಿತರು ಹೇಳುವುದು ನಿಜವಲ್ಲ. ಅವರು ನನಗೂ ಪರಿಚಿತರೇ ಇರಬೇಕು, ಏಕೆಂದರೆ ಇದೇ ಮಾತನ್ನು ಹೊತ್ತುಕೊಂಡು ಬರುವ ಪತ್ರಗಳಿಗೆ ಉತ್ತರಿಸಿ ನನಗೆ ಸಾಕಾಗಿದೆ.

ಮೊದಲು ದುಡ್ಡಿನ ವಿಷಯ ಮುಗಿಸೋಣ. 3.99 ಯೂರೋ ಬಾಟಲಿಯಲ್ಲಿ 64 ಸೆಂಟ್ ಮಾರಾಟ ತೆರಿಗೆಗೆ ಹೋಗುತ್ತದೆ. ನೊರೆಯಿಲ್ಲದ ವೈನ್ ಮೇಲೆ ಜರ್ಮನಿಯಲ್ಲಿ ಅಬಕಾರಿ ಸುಂಕವೇ ಇಲ್ಲ. ಉಳಿದ 3.35ರಲ್ಲಿ ಗಾಜು, ಬಿರಡೆ, ಲೇಬಲ್, ಲಾರಿ ಬಾಡಿಗೆ, ಅಂಗಡಿಯ ಲಾಭ ಎಲ್ಲವೂ ಕಳೆದು ಒಳಗಿನ ದ್ರವಕ್ಕೆ ಏನಾದರೂ ಮಿಗಬೇಕು. ಮಿಗುವುದು ಸ್ವಲ್ಪವೇ. ಆದರೂ ಇಟಲಿಯ ಪೂಲ್ಯಾ, ಅಬ್ರುಜ್ಜೊ ಪ್ರಾಂತ್ಯಗಳ ಕಡೆಯ ಬಿಸಿಲು, ಹೆಕ್ಟೇರಿಗೆ ಸಿಗುವ ದೊಡ್ಡ ಇಳುವರಿ, ಉಕ್ಕಿನ ತೊಟ್ಟಿಗಳು ಮತ್ತು ಲಕ್ಷಗಟ್ಟಲೆ ಬಾಟಲಿಗಳ ಸಗಟು ಖರೀದಿ ಸೇರಿದಾಗ ಶುದ್ಧವಾದ, ಹಣ್ಣಿನ ರುಚಿಯ ವೈನ್ ಈ ಬೆಲೆಗೆ ಬಂದೇ ಬರುತ್ತದೆ. ಇದೇ ಪ್ರಶ್ನೆಯನ್ನು ಲಂಡನ್ನಿನಿಂದ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಶೇಕಡಾ 13 ಮದ್ಯಸಾರದ ಬಾಟಲಿಗೆ ಸುಂಕವೇ ಸುಮಾರು ಮೂರು ಪೌಂಡ್.

ಇನ್ನು ಆ ಪಟ್ಟಿ. ನೋಟಿನ ಕಾಗದದಂತಹ ಕಾಗದ, ಮೇಲೆ ಕ್ರಮಸಂಖ್ಯೆ. ಅದನ್ನು ಮುದ್ರಿಸುವುದು ಇಟಲಿ ಸರ್ಕಾರದ್ದೇ ಮುದ್ರಣಾಲಯ ಮತ್ತು ಟಂಕಸಾಲೆ. ಇಷ್ಟು ಗತ್ತಿನ ಕಾಗದವನ್ನು ಕಂಡವರು ಒಳಗಿರುವುದು ಉತ್ತಮ ವೈನೇ ಇರಬೇಕು ಎಂದು ನಂಬಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಆ ಪಟ್ಟಿ ಭರವಸೆ ಕೊಡುವುದು ಹುಟ್ಟಿನ ಬಗ್ಗೆ. ದ್ರಾಕ್ಷಿ ಇಂತಹ ಊರಿನದು, ಇಂತಹ ತಳಿಯದು, ಹೆಕ್ಟೇರಿಗೆ ಇಷ್ಟು ಟನ್‌ಗಿಂತ ಹೆಚ್ಚು ಕೊಯ್ದಿಲ್ಲ, ಇಷ್ಟು ತಿಂಗಳು ಇರಿಸಲಾಗಿದೆ ಎಂಬುದಷ್ಟೇ ಅದರ ಮಾತು. ಬಾಟಲಿ ಮಾರುಕಟ್ಟೆಗೆ ಬರುವ ಮೊದಲು ಪ್ರಯೋಗಾಲಯದ ಪರೀಕ್ಷೆಯೂ ರುಚಿನೋಡುವ ಮಂಡಳಿಯ ಪರೀಕ್ಷೆಯೂ ಇವೆ, ಒಪ್ಪುತ್ತೇನೆ. ಆ ಮಂಡಳಿ ನೋಡುವುದು ವೈನ್ ಕೆಟ್ಟಿಲ್ಲವೇ, ತನ್ನ ಜಾತಿಗೆ ತಕ್ಕಂತಿದೆಯೇ ಎಂಬುದನ್ನು. ಅಂಕ ಕೊಡುವುದು ಅದರ ಕೆಲಸವಲ್ಲ. ನಂಜನಗೂಡು ರಸಬಾಳೆಗೆ ಜಿಐ ಮಾನ್ಯತೆ ಇದೆ. ಹಾಗೆಂದು ಅಂಗಡಿಯವನು ಕೊಟ್ಟ ಚಿಪ್ಪು ಸರಿಯಾಗಿ ಹಣ್ಣಾಗಿದೆ ಎಂದು ಸರ್ಕಾರ ನಿಮಗೆ ಬರೆದುಕೊಟ್ಟಿದೆಯೇ?

ಇಷ್ಟಕ್ಕೇ ಒಪ್ಪದವರಿಗಾಗಿ ಮಧ್ಯ ಇಟಲಿಯ ಟಸ್ಕನಿ ಪ್ರಾಂತ್ಯದ ಕೆಂಪು ವೈನ್ ಕಿಯಾಂಟಿಯ ಕಥೆ ಹೇಳಬೇಕು. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಈ ವೈನ್ ಬೆಳೆಯುವ ಕಿಯಾಂಟಿ ಪ್ರದೇಶದ ಗಡಿ ಗುರುತಿಸಿದ. ಆಗ ಅದು ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಳ ಒಂದು ತುಂಡು. 1932ರಲ್ಲಿ ಸರ್ಕಾರಿ ಸಮಿತಿಯೊಂದು ಆ ಹೆಸರನ್ನು ಟಸ್ಕನಿಯ ಉದ್ದಗಲಕ್ಕೆ ಎಳೆಯಿತು. ಹಳೆಯ ತುಂಡಿನವರು ತಮ್ಮದನ್ನು ಕ್ಲಾಸಿಕೊ ಎಂದು ಕರೆದುಕೊಳ್ಳಬೇಕಾಯಿತು. 1984ರಲ್ಲಿ ಕಿಯಾಂಟಿಗೆ ಡಿಒಸಿಜಿ ಸಿಕ್ಕಾಗ ಸಿಕ್ಕಿದ್ದು ಈ ಇಡೀ ವಿಸ್ತಾರಕ್ಕೆ. ಹಾಗಾಗಿ ನಾಲ್ಕು ಯೂರೋ ಕಿಯಾಂಟಿಗೂ ಅದೇ ಪಟ್ಟಿ, ನಲವತ್ತು ಯೂರೋ ಕಿಯಾಂಟಿ ಕ್ಲಾಸಿಕೊಗೂ ಅಂತಹದೇ ಪಟ್ಟಿ.

ಉಲ್ಟಾ ಕಥೆಯೂ ಇದೆ. 1967ರ ನಿಯಮದ ಪ್ರಕಾರ ಕಿಯಾಂಟಿ ಎನ್ನಿಸಿಕೊಳ್ಳಬೇಕಾದರೆ ಕೆಂಪು ವೈನಿಗೆ ಬಿಳಿ ದ್ರಾಕ್ಷಿಯನ್ನು ಬೆರೆಸಲೇಬೇಕಿತ್ತು. ಎಪ್ಪತ್ತರ ದಶಕದಲ್ಲಿ ತಿನ್ಯಾನೆಲ್ಲೊ ಎಂಬ ಟಸ್ಕನಿಯ ವೈನಿನ ತಯಾರಕರು ಬಿಳಿ ದ್ರಾಕ್ಷಿ ಕೈಬಿಟ್ಟು ಕ್ಯಾಬರ್ನೆ ಎಂಬ ಕೆಂಪು ದ್ರಾಕ್ಷಿ ಸೇರಿಸಿದರು. ವೈನ್ ಸುಧಾರಿಸಿತು, ಕಿಯಾಂಟಿ ಎಂಬ ಹೆಸರು ಹೋಯಿತು. ಕಾನೂನಿನ ಪ್ರಕಾರ ಅದು ವಿನೊ ದಾ ತಾವೊಲಾ, ಅಂದರೆ ಅತ್ಯಂತ ಕೆಳದರ್ಜೆಯ ಮೇಜಿನ ವೈನ್. ಟಸ್ಕನಿಯದೇ ಸಮುದ್ರ ತೀರದ ಸಾಸ್ಸಿಕಾಯಾ ಎಂಬ ವೈನ್ ಕೂಡ ಬಹುಕಾಲ ಇದೇ ಹಣೆಪಟ್ಟಿಯಡಿ ಮಾರಾಟವಾಗಿ ಜಗತ್ಪ್ರಸಿದ್ಧವಾಯಿತು. ತಿನ್ಯಾನೆಲ್ಲೊ ಇಂದಿಗೂ ಡಿಒಸಿಜಿ ಅಲ್ಲ, ಅದಕ್ಕಿಂತ ಕೆಳಗಿನ ಐಜಿಟಿ ದರ್ಜೆಯದು. ಬೆಲೆ ಮಾತ್ರ ನೂರು ಯೂರೋ ದಾಟುತ್ತದೆ. ನಿಮ್ಮ ಸ್ನೇಹಿತರ ಸೂತ್ರದ ಪ್ರಕಾರ ಇದನ್ನು ಬಿಟ್ಟು ಪಕ್ಕದ ಅಗ್ಗದ ಕಿಯಾಂಟಿಯನ್ನು ಎತ್ತಿಕೊಳ್ಳಬೇಕು!

ಪಟ್ಟಿಯ ಮೋಹ ಹೆಚ್ಚು ದುಬಾರಿಯಾಗುವುದು ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಕೆಂಪು ವೈನ್ ಬರೋಲೊ ಹೆಸರಿನಲ್ಲಿ. ಹಬ್ಬದ ದಿನಗಳಲ್ಲಿ ಈ ಅಂಗಡಿಗಳಿಗೆ ಹತ್ತು ಹನ್ನೆರಡು ಯೂರೋ ಬರೋಲೊ ಬರುತ್ತದೆ. ಅದು ನಕಲಿಯಲ್ಲ. ನೆಬ್ಬಿಯೊಲೊ ದ್ರಾಕ್ಷಿಯದೇ, ನಿಯಮದಂತೆ 38 ತಿಂಗಳು ಇರಿಸಿದ್ದೇ. ಆದರೆ ಒಳ್ಳೆಯ ತೋಟದವರು ತಮ್ಮ ಉತ್ತಮ ಪೀಪಾಯಿಯನ್ನು ಈ ದರಕ್ಕೆ ಬಿಡುವುದಿಲ್ಲ. ನಿಮಗೆ ಸಿಗುವುದು ಬಹಳಷ್ಟು ಸಲ ಒಗರು ಮುಂದಾಗಿ ಹಣ್ಣು ಹಿಂದಾದ ವೈನ್. ಅದೇ ದುಡ್ಡಿಗೆ ಅದೇ ಪ್ರಾಂತ್ಯದ ಬಾರ್ಬೆರಾ ಎಂಬ ಕೆಂಪು ವೈನ್ ಎರಡು ಬಾಟಲಿ ಬರುತ್ತದೆ, ಎರಡೂ ಇದಕ್ಕಿಂತ ಸುಖವಾಗಿರುತ್ತವೆ.

ಹಾಗಾದರೆ ಯಾವುದನ್ನು ನೋಡಬೇಕು? ಲೇಬಲ್ಲಿನ ಹಿಂಬದಿಯನ್ನು. ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ ಎಂದಿದ್ದರೆ ದ್ರಾಕ್ಷಿ ಬೆಳೆದವರೇ ಅಥವಾ ಅವರ ಸಹಕಾರ ಸಂಘವೇ ಬಾಟಲಿಗೆ ತುಂಬಿದೆ. ಬರೀ ಇಂಬೊತ್ತಿಲ್ಯಾತೊ ದಾ ಎಂದಿದ್ದರೆ ಬಹುಮಟ್ಟಿಗೆ ಸಗಟು ವೈನ್ ಕೊಂಡು ತುಂಬಿಸಿದವರ ಹೆಸರು ಅದು. ಎರಡನೆಯದು ಕೆಟ್ಟದ್ದೇ ಎಂದಲ್ಲ, ಮೊದಲನೆಯದಕ್ಕೆ ಒಂದು ಹೆಜ್ಜೆ ಹೆಚ್ಚು ನಂಬಿಕೆ. ಇಸವಿ ಹೊಸದಿರಲಿ. ಈ ಬೆಲೆಯ ವೈನ್ ಬೀರುವಿನಲ್ಲಿಟ್ಟರೆ ಮಾಗುವುದಿಲ್ಲ, ಮುದುಕಾಗುತ್ತದೆ. ಅಬ್ರುಜ್ಜೊದ ಕೆಂಪು ವೈನ್ ಮೊಂತೆಪುಲ್ಚಾನೊ ದಾಬ್ರುಜ್ಜೊ ಈ ದರದಲ್ಲಿ ನನ್ನ ಮೊದಲ ಆಯ್ಕೆ. ಟಸ್ಕನಿಯ ಮೊಂತೆಪುಲ್ಚಾನೊ ಊರಿನ ವೈನಿಗೂ ಇದಕ್ಕೂ ಸಂಬಂಧವಿಲ್ಲ, ದ್ರಾಕ್ಷಿಯೇ ಬೇರೆ. ಪೂಲ್ಯಾದ ಕೆಂಪು ವೈನ್ ಪ್ರಿಮಿತಿವೊ ನಿಮಗೆಲ್ಲ ಪ್ರಿಯ ಎಂದು ಗೊತ್ತು. ಅಗ್ಗದ ಪ್ರಿಮಿತಿವೊಗಳಲ್ಲಿ ಎಷ್ಟೋ ಬಾಟಲಿಗಳಲ್ಲಿ ಸಕ್ಕರೆಯ ಅಂಶ ಉಳಿದಿರುತ್ತದೆ, ಆ ಪ್ರೀತಿಯ ಗುಟ್ಟು ಅದೇ. ಕೊನೆಗೆ, ಹೀಟರ್ ಉರಿಯುವ ಕೋಣೆಯಲ್ಲಿಟ್ಟ ಬಾಟಲಿಯನ್ನು ಹಾಗೆಯೇ ಸುರಿಯಬೇಡಿ. ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಬೆಚ್ಚಗಿನ ವೈನಿನಲ್ಲಿ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ.

ನೀವು ಕೇಳಲಿಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇದು: ನಮ್ಮ ಊಟದ ಜೊತೆ ಇವುಗಳಲ್ಲಿ ಯಾವುದು ಕೂಡುತ್ತದೆ? ಒಗರು ಮತ್ತು ಮದ್ಯಸಾರ ಎರಡೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ. ಬಿಸಿಬೇಳೆ ಭಾತ್ ಮುಂದೆ ಬರೋಲೊ ಇಟ್ಟರೆ ಎರಡೂ ಹಾಳು. ಹುಳಿ ಹೆಚ್ಚು, ಒಗರು ಕಡಿಮೆ ಇರುವ ಬಾರ್ಬೆರಾ ಹುಣಸೆಹಣ್ಣಿನ ಅಡುಗೆಗೆ ಸೋಲುವುದಿಲ್ಲ. ಅದಕ್ಕಿಂತ ಒಳ್ಳೆಯದು ಉತ್ತರ ಇಟಲಿಯ ಎಮಿಲಿಯಾದ ಲಾಂಬ್ರುಸ್ಕೊ, ತಣ್ಣಗೆ ಕುಡಿಯುವ, ಸಣ್ಣ ನೊರೆಯ ಕೆಂಪು ವೈನ್. ನೊರೆಯ ವೈನಿಗೆ ಜರ್ಮನಿಯಲ್ಲಿ ಬಾಟಲಿಗೆ 1.02 ಯೂರೋ ತೆರಿಗೆಯಿದೆ. 1902ರಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ತನ್ನ ನೌಕಾಪಡೆಗೆ ಹಣ ಹೊಂದಿಸಲು ಹಾಕಿದ್ದು. ಆ ನೌಕಾಪಡೆ ಮುಳುಗಿ ನೂರು ವರ್ಷ ಕಳೆದರೂ ತೆರಿಗೆ ಇಂದಿಗೂ ತೇಲುತ್ತಿದೆ. ಒತ್ತಡ ಕಡಿಮೆಯಿರುವ ಫ್ರಿಜ್ಜಾಂತೆ ಬಗೆಯ ಬಾಟಲಿ, ತಂತಿ ಬಿಗಿದ ಅಣಬೆಯಾಕಾರದ ಬಿರಡೆ ಇಲ್ಲದಿದ್ದರೆ, ಈ ತೆರಿಗೆಗೆ ಸಿಕ್ಕುವುದಿಲ್ಲ. ಲಾಂಬ್ರುಸ್ಕೊ ಬಹುತೇಕ ಈ ಬಗೆಯದು, ಹಾಗಾಗಿ ಅಗ್ಗ. ಕೊಳ್ಳುವಾಗ ಲೇಬಲ್ಲಿನಲ್ಲಿ ಸೆಕ್ಕೊ, ಅಂದರೆ ಸಿಹಿಯಿಲ್ಲದ್ದು, ಎಂದಿದೆಯೇ ನೋಡಿಕೊಳ್ಳಿ. ಅಮಾಬಿಲೆ ಎಂದಿದ್ದರೆ ಸಿಹಿ, ಸಾರಿನ ಜೊತೆ ಸೇರುವುದಿಲ್ಲ.